ರೈಲು ನಮ್ಮ ಫಾರಂ ಫೋರಲ್ಲಿ ಇಲ್ಲ ಸಾರ್

ನಿನ್ನೆ ಸಂಜೆಯೂ ಅದೇ ಆಯ್ತು. ಹೊಂಗಸಂದ್ರ ಮೆಟ್ರೋ ಸ್ಟೇಷನ್ನಿಂದ ಕೆಳಗಿಳಿಯುತ್ತಿದ್ದೆ. ಎಸ್ಕಲೇಟರಿನ ಅರ್ಧಕ್ಕೆ ಬಂದಾಗ ನಮ್ಮ ಏರಿಯಾದ ಫೀಡರ್ ಬಸ್ಸು ಕಾಣಿಸಿತು. ಕಿಟಕಿ ಪಕ್ಕದ ಸೀಟು ಖಾಲಿ ಇದ್ದದ್ದೂ ಕಾಣಿಸಿತು. ಅಷ್ಟರಲ್ಲಿ 'ರೈಟ್ ರೈಟ್' ಅಂದರು ಕಂಡಕ್ಟರು. ಬಾಗಿಲು ಮುಚ್ಚಿತು, ಬಸ್ಸು ಹೊರಟೇಬಿಟ್ಟಿತು. ಅದು ಕರೆಂಟ್ ಬಸ್ಸು ಬೇರೆ. ಹಳೆ ಡೀಸೆಲ್ ಗಾಡಿಯಾಗಿದ್ದರೆ ಸ್ಟಾರ್ಟ್ ಮಾಡಿದ್ದು ಬೀದಿಗೆಲ್ಲ ಕೇಳಿಸುತ್ತಿತ್ತು, ಬಿದ್ದು ಎದ್ದು ಓಡಿ ಹಿಡಿಯಬಹುದಿತ್ತು. ಇದು ಕಳ್ಳಹೆಜ್ಜೆ ಇಟ್ಟು ಹೋಗುತ್ತದೆ. ರೈಲಿನಿಂದ ಇಳಿದ ನಾವು ಅಷ್ಟೂ ಜನ ಫುಟ್‌ಪಾತಿನಲ್ಲಿ ನಿಂತು ಅದರ ಹಿಂಭಾಗ ನೋಡಿದೆವು. ಬಸ್ಸಿನೊಳಗೆ ಡ್ರೈವರು, ಕಂಡಕ್ಟರು, ಒಬ್ಬ ಕಾಲೇಜು ಹುಡುಗ. ಅವನೂ ರೈಲಿನಿಂದ ಇಳಿದವನಲ್ಲ.

ಈ ಬಸ್ಸು ಬಿಟ್ಟಿರುವುದೇ ರೈಲಿನಿಂದ ಇಳಿದವರಿಗಾಗಿ. ಇದೊಂದು ಮಾತು ಮರೆಯಬೇಡಿ.

ಹಿಂದೊಮ್ಮೆ ತಡೆಯಲಾಗದೆ ಕಂಡಕ್ಟರೊಬ್ಬರನ್ನು ಕೇಳಿಯೇಬಿಟ್ಟಿದ್ದೆ. "ಅಲ್ಲ ಸ್ವಾಮಿ, ತಲೆ ಮೇಲೇ ರೈಲು ಬಂದು ನಿಂತದ್ದು ಕೇಳಿಸುತ್ತೆ. ಎರಡು ನಿಮಿಷ ತಡೆದರೆ ಬಸ್ಸು ತುಂಬುತ್ತೆ. ಯಾಕೆ ಹೋಗ್ತೀರಿ?" ಅವರು ಸ್ವಲ್ಪವೂ ಸಿಟ್ಟಾಗಲಿಲ್ಲ. "ನಮಗೆ ಫಾರಂ ಫೋರಲ್ಲಿ ಟೈಮ್ ಕೊಟ್ಟಿರ್ತಾರೆ. ರೈಲು ನಮ್ಮ ಫಾರಂ ಫೋರಲ್ಲಿ ಇಲ್ಲ ಸಾರ್" ಅಂದರು.

ಫಾರಂ ಫೋರ್ ಅಂದರೆ ಯಾವ ಟ್ರಿಪ್ ಎಷ್ಟು ಹೊತ್ತಿಗೆ ಹೊರಡಬೇಕು ಅನ್ನುವ ಪಟ್ಟಿ. ಲೇಟಾದರೆ ಉತ್ತರ ಕೊಡಬೇಕಾದವರು ಡ್ರೈವರು, ಕಂಡಕ್ಟರು. ಜನ ಬಿಟ್ಟುಹೋದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಆ ಮನುಷ್ಯನ ಮೇಲೆ ನನಗೆ ಕೋಪವಿಲ್ಲ. ಪಟ್ಟಿ ಬರೆದವರು ಒಂದು ಸಲವಾದರೂ ಆ ಎಸ್ಕಲೇಟರಿನಲ್ಲಿ ಇಳಿಯಬೇಕಿತ್ತು ಅನ್ನುವುದಷ್ಟೇ ನನ್ನ ತಕರಾರು.

ಬೆಂಗಳೂರು ಮೆಟ್ರೋದ ಈ ಹಳದಿ ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ಕ್ಕೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19.15 ಕಿಲೋಮೀಟರ್, 16 ಸ್ಟೇಷನ್ನು. ಕಂಬಗಳು ಎದ್ದು ನಿಂತದ್ದನ್ನು, ಹಳಿ ತಯಾರಾಗಿ ರೈಲಿಗಾಗಿ ಕಾದದ್ದನ್ನು ವರ್ಷಗಟ್ಟಲೆ ಕೆಳಗಿನ ಜಾಮ್‌ನಲ್ಲಿ ಕೂತು ನೋಡಿದವರು ನಾವು. ಮೊದಲ ಸಲ ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಮೇಲಿನಿಂದ ದಾಟಿದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು ಕೆಳಗಿನ ಗಾಡಿಗಳನ್ನು ನೋಡಿ ಕೈಮುಗಿದರು. ಗಾಡಿಗಳಿಗೋ ದೇವರಿಗೋ ಗೊತ್ತಾಗಲಿಲ್ಲ. ರೈಲಿನ ಬಗ್ಗೆ ಒಂದು ಕೆಟ್ಟ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ರೈಲು ಬಂತಲ್ಲ, ಇನ್ನು ನಮ್ಮ ಬಡಾವಣೆಯಿಂದ ಮಾರ್ಕೆಟ್ಟಿಗೆ ನೇರವಾಗಿ ಹೋಗುವ ಬಸ್ಸು ಅಷ್ಟೊಂದು ಯಾಕೆ ಅಂತ ಟ್ರಿಪ್ಪು ಕಡಿಮೆ ಮಾಡಿದರು. ಬದಲಿಗೆ ಬಡಾವಣೆಯಿಂದ ಸ್ಟೇಷನ್ನಿಗೆ ಪುಟ್ಟ ಬಸ್ಸು. ಕಾಗದದ ಮೇಲೆ ಇದು ಸರಿಯೇ. ದೊಡ್ಡ ಬಸ್ಸು ಹೊಸೂರು ರಸ್ತೆಯಲ್ಲಿ ತೆವಳುವುದರ ಬದಲು ಪುಟ್ಟ ಬಸ್ಸು ಒಳರಸ್ತೆಗಳಲ್ಲಿ ಹೆಚ್ಚು ಸುತ್ತು ಹೊಡೆಯಬಹುದು. ಮ್ಯಾಪಿನಲ್ಲಿ ಬಸ್ಸಿನ ಗೆರೆ ರೈಲಿನ ಗೆರೆಗೆ ಚೆನ್ನಾಗಿ ಮುಟ್ಟಿದೆ. ಆದರೆ ಮ್ಯಾಪಿಗೆ ಗಡಿಯಾರ ಕಟ್ಟಿಲ್ಲ.

ನಾನು ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಬಸ್ ಸ್ಟಾಪಿನಲ್ಲಿ ನಿಂತರೂ ಲೆಕ್ಕವೇ ಓಡುತ್ತದೆ. ಶುರುವಿನಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ನಮ್ಮ ಬಸ್ಸು 20 ನಿಮಿಷಕ್ಕೊಂದು. ಶಾಲೆಯಲ್ಲಿ ಮೇಷ್ಟ್ರು ಲ.ಸಾ.ಅ. ಕಲಿಸುವಾಗ ಇದು ಯಾವ ಜನ್ಮಕ್ಕೆ ಬೇಕು ಅಂದುಕೊಂಡಿದ್ದೆ. ಈ ಜನ್ಮಕ್ಕೇ ಬೇಕಾಯ್ತು. 25 ಮತ್ತು 20ರ ಲ.ಸಾ.ಅ. 100. ಅಂದರೆ ರೈಲೂ ಬಸ್ಸೂ ಒಂದು ಸಲ ಮುಖ ನೋಡಿಕೊಂಡರೆ, ಮತ್ತೆ ನೋಡುವುದು ಒಂದು ಗಂಟೆ ನಲವತ್ತು ನಿಮಿಷದ ಮೇಲೆ. ಸೆಪ್ಟೆಂಬರಿನಲ್ಲಿ ನಾಲ್ಕನೇ ರೈಲು ಬಂತು, ಅಂತರ 19 ನಿಮಿಷಕ್ಕೆ ಇಳಿಯಿತು. ಎಲ್ಲರೂ ಖುಷಿಪಟ್ಟರು. ನಾನು ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆ. 19 ಮತ್ತು 20ರ ಲ.ಸಾ.ಅ. 380! ಆರು ಗಂಟೆ ಇಪ್ಪತ್ತು ನಿಮಿಷಕ್ಕೊಮ್ಮೆ ಭೇಟಿ. ರೈಲು ಜಾಸ್ತಿಯಾದಷ್ಟೂ ಬಸ್ಸಿಗೂ ಅದಕ್ಕೂ ದೂರವಾಯಿತು. ಆಮೇಲೆ 15 ನಿಮಿಷಕ್ಕೆ ಬಂದಾಗ ಗಂಟೆಗೊಂದು ಸಲವಾದರೂ ಸೇರುತ್ತವಲ್ಲ ಅಂತ ಸಮಾಧಾನವಾಯಿತು. ಈ ಲೆಕ್ಕವೆಲ್ಲ ಬಸ್ಸು ಬೋರ್ಡಿನಲ್ಲಿ ಬರೆದಷ್ಟು ಹೊತ್ತಿಗೇ ಬಂದರೆ ಮಾತ್ರ. ಆ ವಿಷಯ ಬಿಡಿ.

ನನ್ನ ಹೆಂಡತಿಯ ಲೆಕ್ಕ ಇನ್ನೂ ಸಲೀಸು. 2023ರ ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ನೇರ ಬಸ್ಸಿನಲ್ಲಿ ಅವಳು ಮಾರ್ಕೆಟ್ಟಿಗೆ ಪುಕ್ಕಟೆ ಹೋಗಿ ಬರುತ್ತಿದ್ದಳು. ಶಕ್ತಿ ಯೋಜನೆ ಮೆಟ್ರೋ ಮೆಟ್ಟಿಲು ಹತ್ತುವುದಿಲ್ಲ. ಅದರ ಮೇಲೆ 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ ಗರಿಷ್ಠ 60 ರೂಪಾಯಿ ಇದ್ದದ್ದು 90 ಆಗಿದೆ. "ಎರಡು ಕಿಲೋಮೀಟರ್ ಪುಕ್ಕಟೆ ಕರ್ಕೊಂಡು ಹೋಗಿ ಕಾಸಿನ ಬಾಗಿಲಿಗೆ ಬಿಡ್ತಾರೆ" ಅಂತಾಳೆ. ಉತ್ತರ ಹೇಳಲು ನಾನು ಹೋಗಿಲ್ಲ.

ನನ್ನ ಷಡ್ಡಕರು ಕೆನಡಾದ ಒಟ್ಟಾವಾದಲ್ಲಿದ್ದಾರೆ. ಫೋನಿನಲ್ಲಿ ಗೋಳು ಹೇಳಿಕೊಂಡರೆ ನಕ್ಕರು. ಅಲ್ಲಿ 2019ರ ಸೆಪ್ಟೆಂಬರ್ 14ಕ್ಕೆ ಹೊಸ ಲೈಟ್ ರೈಲು ಶುರುವಾಯಿತಂತೆ. ಮೂರು ವಾರ ಹಳೆ ಬಸ್ಸನ್ನೂ ಓಡಿಸಿ, ಆಮೇಲೆ ರೂಟುಗಳನ್ನೆಲ್ಲ ಬದಲಿಸಿ ಜನರನ್ನು ರೈಲಿನ ಕಡೆ ತಿರುಗಿಸಿದರು. ಯಾರೋ ಬಾಗಿಲು ಮುಚ್ಚುವಾಗ ಕೈಯಿಟ್ಟು ತಡೆದರೂ ಸಾಕು, ರೈಲು ಕೆಟ್ಟು ನಿಂತು ಪ್ಲಾಟ್‌ಫಾರಂ ಎಲ್ಲ ಜಾತ್ರೆ. ಕೊನೆಗೆ ನಲವತ್ತು ಬಸ್ಸು ವಾಪಸ್ ರಸ್ತೆಗಿಳಿಸಿದರಂತೆ. "ಇಲ್ಲಿ ಹಿಮದಲ್ಲಿ ಕಾಯಬೇಕು, ನಿಮಗೆ ಪುಣ್ಯ" ಅಂದರು. ಹೌದು, ನಮಗೆ ಬರೀ ಧೂಳು.

ಹಳೆ ನೇರ ಬಸ್ಸು ನಿಧಾನವೇ. ಮಳೆ ಬಂದರೆ ಎರಡು ಗಂಟೆಯೂ ಆಗುತ್ತಿತ್ತು. ಆದರೆ ಒಮ್ಮೆ ಕೂತರೆ ಅದು ನಮ್ಮದೇ ಸೀಟು. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಿದ್ದರು. ಅದನ್ನು ಕೈಯಲ್ಲಿ ಹಿಡಿದೇ ನಿದ್ದೆ ಹೋಗುತ್ತಿದ್ದೆ. ಸಂಜೆ ಬಸ್ಸು ಅರ್ಧ ತರಕಾರಿ ಮಾರ್ಕೆಟ್ಟೇ. ಸೀಟಿನ ಕೆಳಗೆ ಕೊತ್ತಂಬರಿ ಕಟ್ಟು, ಡ್ರೈವರ್ ಪಕ್ಕ ಇಂಜಿನ್ ಮೇಲೆ ಸೇವಂತಿಗೆ ಮೂಟೆ. ಆ ಮೂಟೆಯ ಅಕ್ಕ ಇಳಿಯುವಾಗ ಡ್ರೈವರಿಗೆ ಒಂದು ಮೊಳ ಹೂ ಕೊಟ್ಟು ಹೋಗುತ್ತಿದ್ದಳು, ಅವರು ಮುಂದಿನ ಗಣಪತಿ ಫೋಟೋಕ್ಕೆ ಹಾಕುತ್ತಿದ್ದರು. ಮೂಟೆ ಹೊತ್ತು ಮೂರು ಕಡೆ ಹತ್ತಿ ಇಳಿಯಲು ಆಗುತ್ತದೆಯೇ? ಅಕ್ಕ ಈಗ ಹೇಗೆ ಬರುತ್ತಾಳೋ, ಬರುತ್ತಾಳೋ ಇಲ್ಲವೋ. ಹೆಸರೂ ಕೇಳಿಟ್ಟುಕೊಂಡಿಲ್ಲ.

ಇಷ್ಟೆಲ್ಲ ಗೊಂದಲದಲ್ಲಿ ರೈಲಿಗೂ ಬಸ್ಸಿಗೂ ನಿಜವಾಗಿ ಗಂಟು ಹಾಕಿದವರು ಒಬ್ಬರೇ, ನಮ್ಮ ಮಹಡಿ ಮನೆಯ ರಾಯರು. ಸರ್ಕಾರಿ ಕೆಲಸದಿಂದ ರಿಟೈರಾದವರು. ಜಯನಗರದ ಮಗಳ ಮನೆಗೆ ದಿನಾ ಹೋಗಿ, ಮೊಮ್ಮಗಳನ್ನು ಸ್ಕೂಲಿನಿಂದ ಕರೆತಂದು, ಸಂಜೆ ನನ್ನ ಜೊತೆಗೇ ವಾಪಸ್ಸಾಗುತ್ತಾರೆ. ಮೊದಮೊದಲು ಅವರೂ ಎಲ್ಲರಂತೆ ಓಡಿ, ಬಸ್ಸಿನ ಮೈ ತಟ್ಟಿ, 'ಹೋಲ್ಡಾನ್! ಹೋಲ್ಡಾನ್!' ಅಂತ ಕೂಗುತ್ತಿದ್ದರು. ಮಂಡಿ ನೋವು ಶುರುವಾದ ಮೇಲೆ ಬುದ್ಧಿ ಓಡಿಸಿದರು. ಒಬ್ಬೊಬ್ಬ ಕಂಡಕ್ಟರನ್ನೂ ಮಾತಾಡಿಸಿ, ಊರು ಕೇಳಿ, ಮಕ್ಕಳ ಓದು ಕೇಳಿ, ಕೊನೆಗೆ ಫೋನ್ ನಂಬರ್ ತೆಗೆದುಕೊಂಡರು.

ಅಂದಿನಿಂದ ಸಿಲ್ಕ್ ಬೋರ್ಡ್ ಸ್ಟೇಷನ್ ಬಂದ ತಕ್ಷಣ ರಾಯರ ಫೋನ್ ಹೊರಬರುತ್ತದೆ. ಇಡೀ ಬೋಗಿಗೆ ಕೇಳುವ ಹಾಗೆ, "ಏನಪ್ಪಾ, ಸಿಲ್ಕ್ ಬೋರ್ಡ್ ಬಿಟ್ವಿ. ಹೋಲ್ಡಾನ್." ಆ ಕಡೆಯಿಂದ "ಆತ್ರೀ ಯಜಮಾನ್ರ." ಯಾವ ಬಾಗಿಲಿನಿಂದ ಇಳಿದರೆ ಎಸ್ಕಲೇಟರ್ ಹತ್ತಿರ ಅನ್ನುವುದೂ ಅವರಿಗೆ ಗೊತ್ತು. ಅವರು ಮುಂದೆ, ನಾವೆಲ್ಲ ದಿಬ್ಬಣದವರ ಹಾಗೆ ಹಿಂದೆ. ಕೆಳಗೆ ಬಸ್ಸು ನಿಂತಿರುತ್ತದೆ. ಫಾರಂ ಫೋರಿಗೆ ಗೊತ್ತಿಲ್ಲದ ರೈಲು ರಾಯರ ಫೋನಿಗೆ ಗೊತ್ತು.

ಒಂದು ಸಂಜೆ ಹಾಗೇ ಫೋನ್ ಮಾಡಿದರು. "ಆತ್ರೀ" ಅಂತ ಉತ್ತರವೂ ಬಂತು. ಇಳಿದು ನೋಡಿದರೆ ಬಸ್ಸಿಲ್ಲ. ರಾಯರು ಮತ್ತೆ ಫೋನ್ ಮಾಡಿದರು.

"ಎಲ್ಲಿದೀಯಪ್ಪಾ?"

"ಇಲ್ಲೇ ನಿಂತೀನ್ರಿ. ನೀವೆಲ್ಲಿ?"

"ನಾವು ಸ್ಟೇಷನ್ ಕೆಳಗೇ ಇದ್ದೀವಲ್ಲ!"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಯ್ಯಯ್ಯೋ ಯಜಮಾನ್ರ, ಇವತ್ತ ನನ್ನ ಡ್ಯೂಟಿ ಯಲಹಂಕದಾಗ ಐತ್ರಿ!"

ಊರಿನ ಇನ್ನೊಂದು ತುದಿಯಲ್ಲಿ, ನಮಗಾಗಿ, ತುಂಬಿದ ಬಸ್ಸೊಂದು ಸುಮ್ನೆ ನಿಂತಿತ್ತು. ಅಭ್ಯಾಸಬಲ ನೋಡಿ, ಪಾಪ. ಫೋನಿನಲ್ಲೇ ಜನರ ಗಲಾಟೆ ಕೇಳಿಸುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಫೋನ್ ಇಟ್ಟುಬಿಡುತ್ತಿದ್ದರು. ರಾಯರು, "ಸ್ಪೀಕರ್ ಹಾಕಪ್ಪಾ" ಅಂದರು. ಹೊಂಗಸಂದ್ರದ ಫುಟ್‌ಪಾತಿನಲ್ಲಿ ನಿಂತು ಯಲಹಂಕದ ಪ್ರಯಾಣಿಕರಿಗೆ, "ದಯವಿಟ್ಟು ಕ್ಷಮಿಸಿ, ಕಂಡಕ್ಟರ್ ತಪ್ಪಿಲ್ಲ, ನಮ್ಮ ಕಡೆ ಹಳದಿ ಲೈನ್ ಬಂದಿದೆ" ಅಂತ ವಿವರಿಸತೊಡಗಿದರು. ಅಲ್ಲಿಂದ ಯಾರೋ, "ಹಳದಿನೋ ಹಸಿರೋ, ಬಸ್ ಬಿಡ್ರೀ ಮೊದ್ಲು!" ಅಂದರು. ರಾಯರು "ರೈಟ್ ರೈಟ್" ಅಂದರು. ಬಸ್ಸು ಹೊರಟ ಸದ್ದು ನಮಗೂ ಕೇಳಿಸಿತು. ಅದು ಡೀಸೆಲ್ ಬಸ್ಸು.

ಈಗ ರಾಯರು ಮಗನ ಮನೆಗೆ ಅಂತ ಪುಣೆಗೆ ಹೋಗಿದ್ದಾರೆ, ಬರುವುದು ಮುಂದಿನ ತಿಂಗಳು. ಹೊರಡುವ ಮೊದಲು ಪದ್ಧತಿ ಪ್ರಕಾರ ನನಗೆ ಚಾರ್ಜ್ ಕೊಟ್ಟರು. ಒಂದು ಹಾಳೆ. ಅದರಲ್ಲಿ ಹೆಸರಿಲ್ಲ, ಗುರುತು ಮಾತ್ರ. 'ಕನ್ನಡಕ, ಸಂಜೆ', 'ಹಾವೇರಿಯವರು, ಟೀ ಪ್ರಿಯರು', 'ದಪ್ಪ ಮೀಸೆ, ಜಗಳ ಬೇಡ'. ನಿನ್ನೆ ಸಂಜೆ ಇದ್ದವರು ಹಾಳೆಯಲ್ಲೇ ಇಲ್ಲದ ಹೊಸಬರು. ಹಾಗಾಗಿ ಬಸ್ಸು ಕೈಕೊಟ್ಟಿತು.

ಮತ್ತೆ ಹಾಗಾಗಬಾರದು ಅಂತ ಇವತ್ತು ಬೆಳಿಗ್ಗೆಯೇ ಹಾವೇರಿಯವರಿಗೆ ಫೋನ್ ಮಾಡಿದೆ. ಪುಣೆಯ ವಿಷಯ ಹೇಳಿ, ಸಂಜೆ ಸಿಲ್ಕ್ ಬೋರ್ಡಿನಿಂದ ನಾನೇ ಫೋನ್ ಮಾಡುತ್ತೇನೆ ಅಂದೆ.

"ಬ್ಯಾಡ್ರಿ ಸರ. ಬೊಮ್ಮನಹಳ್ಳಿ ಬಂದಮ್ಯಾಲ ಮಾಡ್ರಿ" ಅಂದರು. "ಸಿಲ್ಕ್ ಬೋರ್ಡಿಂದ ಮಾಡಿದ್ರ ಚಾ ಅರ್ಧಕ್ಕ ಬಿಟ್ಟು ಏಳಬೇಕಾಕೈತಿ."