ನಿಮಗೆಂತ ಅಕ್ಕ, ಊರಿನಲ್ಲೇ ಇದ್ದೀರಲ್ಲ!

ನಿನ್ನೆ ಭಾನುವಾರ, ಮಂಗಳೂರಿನ ಕುಳಾಯಿಯ ನಮ್ಮ ಬಾಡಿಗೆ ಮನೆಯಲ್ಲಿ ಅಂಜಲ್ (ದುಬಾರಿ ಮೀನು) ಫ್ರೈ ಉಂಡು, ಕೈತೊಳೆದು ಜಗಲಿಗೆ ಬಂದು ಕುಳಿತ ಬೆಂಗಳೂರಿನ ತಮ್ಮ (ದೊಡ್ಡಮ್ಮನ ಮಗ, ನಿಮ್ಮಲ್ಲಿ ಹಲವರು ಅವನನ್ನು ಬಲ್ಲಿರಿ) ತೇಗುತ್ತಾ ಹೇಳಿದ ಮಾತಿದು: "ನಿಮಗೆಂತ ಅಕ್ಕ, ಊರಿನಲ್ಲೇ ಇದ್ದೀರಲ್ಲ! ಮೀನು, ಕಾಯಿ ಎಲ್ಲ ಬಾಗಿಲಿಗೇ ಬರುತ್ತದೆ. ಖರ್ಚೇ ಇಲ್ಲ." ಉಂಡವನ ಎದುರು ಜಗಳವಾಡಬಾರದೆಂದು ನಕ್ಕು ಸುಮ್ಮನಾದೆ. ರಾತ್ರಿಯೆಲ್ಲ ಆ "ನಿಮಗೆಂತ" ಕಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬಾಗಿಲಿಗೆ ಬರುವ ಮೀನಿನ ವಿಚಾರವನ್ನೇ ಮೊದಲು ನೋಡೋಣ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ಆ ನಿಷೇಧ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ನಾಡದೋಣಿಗಳಿಗೆ ವಿನಾಯಿತಿಯಿದ್ದರೂ ಈ ಗಾಳಿಮಳೆಯಲ್ಲಿ ಅವು ಎಷ್ಟು ದಿನ ಇಳಿದಾವು? ಹೀಗಾಗಿ ಪಣಂಬೂರಿನ ಅಲೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿರುವ ನಾವು, ತಮಿಳುನಾಡಿನಿಂದ ಐಸ್‌ನಲ್ಲಿ ಮಲಗಿ ಬಂದ ಬಂಗುಡೆಯನ್ನು ತುಂಡು ಲೆಕ್ಕ ಹಾಕಿ ಉಣ್ಣುತ್ತೇವೆ. ಬಡವರ ಮೀನೆಂದೇ ಹೆಸರಾಗಿದ್ದ ಬೂತಾಯಿಗೆ ಮೀನೆಣ್ಣೆ ಮತ್ತು ಮೀನುಹುಡಿಯ ಕಾರ್ಖಾನೆಗಳೂ ಗಿರಾಕಿಗಳಾಗಿರುವಾಗ ನನ್ನ ನೂರು ರೂಪಾಯಿಯ ನೋಟನ್ನು ಯಾರು ಕೇಳುತ್ತಾರೆ? "ಎಂತ ಅಕ್ಕ, ಇಷ್ಟು ರೇಟು?" ಎಂದರೆ ಬುಟ್ಟಿಯವಳು, "ಮೀನು ಇಳಿಯುವ ದಕ್ಕೆಯಲ್ಲಿ ನನಗೂ ಇದೇ ರೇಟು ಮಾರಾಯ್ತಿ" ಎನ್ನುತ್ತಾಳೆ. ಅವಳ ಮಾತು ಸುಳ್ಳೆಂದು ನನಗೆ ಅನಿಸುವುದಿಲ್ಲ.

ಕಾಯಿಯ ಕಥೆಯೂ ಅಷ್ಟೇ. 2025ರಲ್ಲಿ ತೆಂಗಿನೆಣ್ಣೆಯ ದರ ಲೀಟರಿಗೆ 400 ರೂಪಾಯಿ ದಾಟಿದಾಗ ತೋಟವಿದ್ದವರು ಸಂತೋಷಪಟ್ಟಿರಬಹುದು, ಪಡಲಿ. ಬಾಡಿಗೆ ಮನೆಯವಳ ಅಂಗಳದಲ್ಲಿರುವುದು ಮಾಲೀಕರ ಒಂದು ಮರ, ಅದರ ಕಾಯಿಯ ಮೇಲೆ ಮಾಲೀಕರ ಕಣ್ಣು. ಮೊದಲು ಗಸಿಗೆ (ಗಟ್ಟಿ ಸಾರಿಗೆ) ಕೈಬಿಚ್ಚಿ ಕಾಯಿ ಅರೆಯುತ್ತಿದ್ದ ನಾನು ಈಗ ಅರ್ಧ ಕಾಯಿಯನ್ನು ಫ್ರಿಜ್ಜಿನಲ್ಲಿಟ್ಟು ಮೂರು ದಿನ ಸಾಗಿಸುತ್ತೇನೆ. ಗಸಿ ತೆಳ್ಳಗಾದದ್ದನ್ನು ಮಗಳು ಗುರುತಿಸಿದ್ದಾಳೆ, ಪಾಪ, ಬಾಯಿಬಿಟ್ಟಿಲ್ಲ.

ಇನ್ನು ಬಸ್ಸು. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ರಾಜ್ಯದ ಬೇರೆ ಕಡೆಯ ಹೆಂಗಸರು ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ಹಿಡಿದು ಕೆಲಸಕ್ಕೆ ಹೋಗುವಾಗ, ನಾನು ಸ್ಟೇಟ್‌ಬ್ಯಾಂಕ್ ನಿಲ್ದಾಣದ ಖಾಸಗಿ ಸಿಟಿ ಬಸ್ಸಿನಲ್ಲಿ ಕಂಬ ಹಿಡಿದು ನೇತಾಡುತ್ತಾ ಪೂರ್ತಿ ದುಡ್ಡು ಕೊಡುತ್ತೇನೆ. ಯೋಜನೆ ಸರ್ಕಾರಿ ಬಸ್ಸಿಗೆ, ನಮ್ಮ ದಾರಿಯಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ತಿಂಗಳಿಗೆ ಸುಮಾರು 1,500 ರೂಪಾಯಿ ಹಾಗೆಯೇ ಹೋಗುತ್ತದೆ. ಖಾಸಗಿ ಶಾಲೆಯ ಟೀಚರಿನ ಸಂಬಳ ಎಷ್ಟೆಂದು ನಿಮಗೆ ಗೊತ್ತಿರುವುದರಿಂದ ಮತ್ತೆ ಹೇಳಿ ಮಾನ ಕಳೆದುಕೊಳ್ಳುವುದಿಲ್ಲ. ಗೃಹಜ್ಯೋತಿಯಿಂದ ಕರೆಂಟ್ ಬಿಲ್ಲು ಇಳಿದಿದೆ, ಅದನ್ನು ಅಲ್ಲಗಳೆದರೆ ನಾಲಿಗೆಗೆ ಹುಳ ಬಿದ್ದೀತು. ಆದರೆ ರಾತ್ರಿ ಮಹಡಿಗೆ ಹೋದರೆ ಕುತ್ತೆತ್ತೂರಿನ ತೈಲ ಶುದ್ಧೀಕರಣ ಘಟಕದ ಬೆಂಕಿ ಕಾಣುತ್ತದೆ, ಬಂದರಿಗೆ ಗ್ಯಾಸಿನ ಹಡಗು ಬಂದು ನಿಲ್ಲುತ್ತದೆ. ನಮ್ಮವರ ಸ್ಕೂಟರಿನ ಪೆಟ್ರೋಲಿಗಾಗಲಿ ನನ್ನ ಸಿಲಿಂಡರಿಗಾಗಲಿ ಆ ನೆರೆಹೊರೆಯ ದಾಕ್ಷಿಣ್ಯವಿಲ್ಲ. ಹೊಗೆ ಮಾತ್ರ ಧರ್ಮಕ್ಕೆ ಸಿಗುತ್ತದೆ.

ಬಾಡಿಗೆ ಕಡಿಮೆಯಲ್ಲವೇ ಎಂದು ನೀವು ಕೇಳುವಿರಿ. ಹೌದು, ಕಡಿಮೆ. ಕೇಂದ್ರ ಸರ್ಕಾರದ ಮನೆಬಾಡಿಗೆ ಭತ್ಯೆಯ ಪಟ್ಟಿಯಲ್ಲೂ ಬೆಂಗಳೂರು 'ಎಕ್ಸ್' ದರ್ಜೆ, ಮಂಗಳೂರು 'ವೈ' ದರ್ಜೆ. ಅಲ್ಲಿ ಮೂಲ ವೇತನದ 30 ಶೇಕಡಾ, ಇಲ್ಲಿ 20. ಆದರೆ ಆ ಪಟ್ಟಿಯನ್ನು ಬೇಳೆಯ ಅಂಗಡಿಯವರಾಗಲಿ, ಔಷಧದ ಅಂಗಡಿಯವರಾಗಲಿ, ಮಗಳ ಕಾಲೇಜಿನ ಫೀಸು ಕೌಂಟರಿನವರಾಗಲಿ ಓದಿದಂತಿಲ್ಲ. 'ವೈ' ದರ್ಜೆಯ ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆಂದು ತಿಳಿದವರು ದಯವಿಟ್ಟು ಹೇಳಿ. ಬಾಡಿಗೆಯಲ್ಲಿ ಉಳಿದದ್ದನ್ನು ಸಂಬಳದ ಕೊರತೆ ಎಂದೋ ನುಂಗಿದೆ. ಹಾಗಿದ್ದೂ "ನಿಮಗೆಂತ"!

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ತಪ್ಪೊಪ್ಪಿಗೆ. ಮೀನು ನಿಷೇಧದ ಜೂನಿನಲ್ಲಿ ಅಂಜಲ್ ತಂದವಳು ನಾನೇ. ನಮ್ಮವರು "ಬಂಗುಡೆ ಸಾಕಲ್ಲವಾ?" ಎಂದಾಗ ಕಣ್ಣು ಕೆಂಪು ಮಾಡಿದವಳೂ ನಾನೇ. ಬೆಂಗಳೂರಿನವನ ಎದುರು ಸಣ್ಣವಳಾಗಬಾರದೆಂಬ ಹಟಕ್ಕೆ ವಾರದ ಮೀನಿನ ದುಡ್ಡನ್ನು ಒಂದೇ ಹೊತ್ತಿಗೆ ಬಾಣಲೆಗೆ ಹಾಕಿದೆ. ಹೊರಡುವಾಗ ಅವನು ತುಸು ಸಂಕೋಚದಿಂದಲೇ, "ಅಕ್ಕ, ಊರಿನ ಕಾಯಿ ಒಂದು ಹತ್ತು ಸಿಗಬಹುದಾ?" ಎಂದು ಕೇಳಿದ. "ಅದಕ್ಕೇನು ಮಾರಾಯ" ಎಂದು ಹಿಂದಿನ ಬಾಗಿಲಿನಿಂದ ಹೋಗಿ ಚೀಲ ತುಂಬಿ ಡಿಕ್ಕಿಯಲ್ಲಿಟ್ಟೆ. ಅಮ್ಮನ ಮನೆಯ ಮರದ ಕಾಯಿಯೆಂದು ಅವನು ತಿಳಿದಿರಬೇಕು. ಮೂಲೆಯಂಗಡಿಯ ಚೀಟಿ ಇನ್ನೂ ನನ್ನ ಪರ್ಸಿನಲ್ಲಿದೆ.