ತೂತಿಲ್ಲದ ದೋಸೆ

ಎಲ್ಲರ ಮನೆ ದೋಸೆಯೂ ತೂತೇ ಅಂತ ಗಾದೆ ಕಟ್ಟಿದವರಿಗೆ ದೋಸೆ ಹುಯ್ಯಲು ಬರುತ್ತಿರಲಿಲ್ಲ ಎಂಬುದು ನಮ್ಮ ಮನೆಯವಳ ವಾದ. ತೂತು ಬಿದ್ದರೆ ಹಿಟ್ಟು ಹದವಾಗಿ ಹುಳಿ ಬಂದಿದೆ ಎಂದರ್ಥ. ಬೀಳದಿದ್ದರೆ ಅದು ದೋಸೆಯಲ್ಲ, ಕಾವಲಿಗೆ ಅಂಟಿದ ಗೋಂದು. ಹೊಗಳಬೇಕಾದದ್ದನ್ನು ಗಾದೆಯವರು ಬೈಗುಳ ಮಾಡಿಬಿಟ್ಟರು ಅಂತ ಅವಳಿಗೆ ಇವತ್ತಿಗೂ ಸಿಟ್ಟು.

ಕಳೆದ ಯುಗಾದಿಗೆ ಮಗ ಬೆಂಗಳೂರಿನಿಂದ ಆಪಲ್ ಫೋನು ಹಿಡಿದುಕೊಂಡು ಕೋಲಾರಕ್ಕೆ ಬಂದ. ಸಂತೆಯಲ್ಲಿ ಕೋಳಿ ಹಿಡಿದು ನೋಡುವವರ ಹಾಗೆ ನಾನದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದೆ. ತಣ್ಣಗೆ, ನುಣ್ಣಗೆ, ಅಂಗೈಯಿಂದ ಜಾರುವಷ್ಟು ಚೆಂದ. ತಳದಲ್ಲಿ ಚಾರ್ಜರಿಗೊಂದು ಬಾಯಿ, ಅದರ ಅಕ್ಕಪಕ್ಕ ಸ್ಪೀಕರಿನ ಸಾಸಿವೆಯಂಥ ತೂತುಗಳು, ಅಷ್ಟೇ.

"ಇಯರ್‌ಫೋನ್ ಎಲ್ಲೋ ಚುಚ್ಚೋದು?"

"ಅಪ್ಪಾ, ಅದನ್ನ ತೆಗೆದು ಯಾವ ಕಾಲ ಆಯ್ತು!"

ಆಗಿದೆ, ನಿಜ. 2016ರಲ್ಲಿ ಐಫೋನ್ 7 ತೋರಿಸುವಾಗ ಆಪಲ್ ಕಂಪನಿಯ ಅಂದಿನ ಮಾರ್ಕೆಟಿಂಗ್ ಮುಖ್ಯಸ್ಥ ಫಿಲ್ ಶಿಲ್ಲರ್ ವೇದಿಕೆಯ ಮೇಲೆ ನಿಂತು, ಈ ತೂತನ್ನು ತೆಗೆದದ್ದು ಯಾಕೆ ಅಂದರೆ ಕೊನೆಗೆ ಒಂದೇ ಮಾತು, ಧೈರ್ಯ ಅಂದರು. ಜನ ಬಿದ್ದು ಬಿದ್ದು ನಕ್ಕರು. ಧೈರ್ಯ ಬೇಕಾದದ್ದು ನಮ್ಮ ಕಡೆ ಬೋರ್‌ವೆಲ್ ಕೊರೆಸುವವನಿಗೆ. ಸಾವಿರ ಅಡಿ ದಾಟಿ ಬರೀ ಧೂಳು ಬರುತ್ತಿರುವಾಗ ಲಾರಿಯವನು "ಇಂಕೊಂದು ನೂರಡಿ, ಸಾರ್" ಅನ್ನುತ್ತಾನಲ್ಲ, ಆಗ "ಹೂಂ" ಅನ್ನುವುದು ಧೈರ್ಯ. ಮೂರೂವರೆ ಮಿಲಿಮೀಟರಿನ ತೂತು ಮುಚ್ಚುವುದಕ್ಕೆ ಅಂಥದ್ದೇನು ಬೇಕು?

ಅದೇ ದಿನ ಅದೇ ವೇದಿಕೆಯಲ್ಲಿ ವೈರಿಲ್ಲದ ಇಯರ್‌ಫೋನ್ ಏರ್‌ಪಾಡ್ಸ್ ಕೂಡ ಹೊರಬಂತು. ನಮ್ಮ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಕಾಣಿಕೆ ಹಾಕಲು ನೆಲದಲ್ಲೇ ಕೊರೆದ ಹುಂಡಿಯೊಂದಿದೆ. ಶತಮಾನಗಳಿಂದ ಜನ ಅದರೊಳಗೆ ಕಾಸು ಹಾಕುತ್ತಲೇ ಇದ್ದಾರೆ. ಚೇಳು ಕಡಿಯದಿರಲಿ ಅಂತ ಹಾಕಿದ ಕಾಸಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಫೋನಿನ ತೂತು ಮುಚ್ಚಿದ ದಿನವೇ ಆಚೆ ಕಡೆ ಒಂದು ಹುಂಡಿ ತೆರೆಯಿತು ಎಂದು ನನಗನ್ನಿಸಿದ್ದು ಇದಕ್ಕೇ.

ಬೈದವರೂ ಉಳಿಯಲಿಲ್ಲ ಅನ್ನುವುದು ಇನ್ನೂ ತಮಾಷೆ. ಸ್ಯಾಮ್‌ಸಂಗ್‌ನವರು ಜಾಹೀರಾತಿನಲ್ಲಿ ಇದನ್ನೇ ಆಡಿಕೊಂಡು ನಕ್ಕರು. 2019ರಲ್ಲಿ ತಮ್ಮ ನೋಟ್ 10 ಫೋನಿನಿಂದ ತಾವೂ ಆ ತೂತನ್ನು ಕಿತ್ತರು. ಪಕ್ಕದ ಮನೆಯವರ ಸೀರೆ ಅಂಚನ್ನು ಆಡಿಕೊಂಡು ಮುಂದಿನ ಹಬ್ಬಕ್ಕೆ ಅದೇ ಅಂಚಿನದನ್ನು ತರುವವರಿಲ್ಲವೇ, ಹಾಗೆ.

ಅವರ ಕಡೆಯ ನ್ಯಾಯವನ್ನೂ ಹೇಳಿಬಿಡಬೇಕು. ಫೋನಿನೊಳಗೆ ಜಾಗ ಅನ್ನುವುದು ಸೀಟ್ ಸಿಗದ ಕೋಲಾರ–ಬೆಂಗಳೂರು ಬಸ್ಸಿದ್ದ ಹಾಗೆ. ಒಬ್ಬರು ಇಳಿದರೆ ಮಾತ್ರ ಇನ್ನೊಬ್ಬರಿಗೆ ಜಾಗ. ತೂತು ಹೋದ ಮೇಲೆ ಬ್ಯಾಟರಿಗೆ, ಕ್ಯಾಮೆರಾಕ್ಕೆ ಕೈಕಾಲು ಚಾಚಲು ಎಡೆ ಸಿಕ್ಕಿತು. ಆ ಫೋನು ನೀರಿಗೆ ತಕ್ಕಮಟ್ಟಿಗೆ ತಡೆದುಕೊಳ್ಳುವುದನ್ನೂ ಕಲಿಯಿತು. ತೂತೆಂದರೆ ನೀರಿಗೂ ಧೂಳಿಗೂ ಹೆಬ್ಬಾಗಿಲು.

ಧೂಳಿನ ಕತೆ ನನಗೇ ಗೊತ್ತು. ನನ್ನದು ಬೇರೆ ಯಾವುದೋ ಕಂಪನಿಯ ಅಗ್ಗದ ಫೋನು. ಒಮ್ಮೆ ಇಡೀ ರಾತ್ರಿ ಚಾರ್ಜಿಗೆ ಹಾಕಿದರೂ ಬೆಳಿಗ್ಗೆ ಮೂರು ಪರ್ಸೆಂಟು. ಬ್ಯಾಟರಿ ಹೋಯಿತೆಂದು ಕ್ಲಾಕ್ ಟವರ್ ಹತ್ತಿರದ ರಿಪೇರಿ ಅಂಗಡಿಗೆ ಕೊಟ್ಟೆ. ಹುಡುಗ ಅದನ್ನು ಬಿಚ್ಚಲೇ ಇಲ್ಲ. ಟೇಬಲ್ ಲೈಟಿನ ಕೆಳಗೆ ಹಿಡಿದು, ಸಿಮ್ ತೆಗೆಯುವ ಪಿನ್ನನ್ನು ಚಾರ್ಜರ್ ಬಾಯಿಗೆ ಇಳಿಸಿ, ಕಿವಿಯ ಗುಗ್ಗೆ ತೆಗೆಯುವವನ ಹಾಗೆ ಉಸಿರು ಬಿಗಿಹಿಡಿದು ಒಂದು ಸುತ್ತು ತಿರುಗಿಸಿದ. ಮೊದಲು ನೀಲಿ ದಾರದ ಎಳೆ ಬಂತು. ಆಮೇಲೆ ಹತ್ತಿಯಂಥ ಉಂಡೆ, ಅದರ ಹಿಂದೆ ಒಂದು ಕಡಲೆಪುರಿಯ ಚೂರು.

"ಜೇಬಲ್ಲಿ ಏನೇನ್ ಇಟ್ಕೋತೀರ ಅಣ್ಣ?" ಅಂದ. ದುಡ್ಡು ತೆಗೆದುಕೊಳ್ಳಲಿಲ್ಲ. ಆ ಮಾತೇ ಸಾಕಾಗಿತ್ತು.

ತೂತು ಮುಚ್ಚಬೇಕೋ ಬಿಡಬೇಕೋ ಅನ್ನುವುದಕ್ಕಿಂತ ಅದು ಎಲ್ಲಿರಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಇದೇ ಆಪಲ್‌ನವರ ಮ್ಯಾಜಿಕ್ ಮೌಸ್ ನೋಡಿ. 2015ರ ಮಾದರಿಯಲ್ಲಿ ಚಾರ್ಜರ್ ತೂತನ್ನು ಹೊಟ್ಟೆಯ ಅಡಿಯಲ್ಲಿಟ್ಟರು. ಚಾರ್ಜ್ ಮಾಡಬೇಕಾದರೆ ಇಲಿಯನ್ನು ಅಂಗಾತ ಮಲಗಿಸಬೇಕು. ಅಷ್ಟು ಹೊತ್ತು ಕೆಲಸ ಬಂದ್. ಜಗತ್ತೆಲ್ಲ ಇದನ್ನು ನೋಡಿ ನಕ್ಕಿತು. 2024ರಲ್ಲಿ ಹೊಸ ಮೌಸ್ ಬಂತು. ತೂತಿನ ಆಕಾರ ಬದಲಾಗಿ ಯುಎಸ್‌ಬಿ-ಸಿ ಆಗಿತ್ತು. ಜಾಗ ಮಾತ್ರ ಅದೇ, ಹೊಟ್ಟೆಯಡಿ. ಆ ಹಟ ಕಂಡು ನನಗೆ ನಮ್ಮ ದೊಡ್ಡಪ್ಪ ನೆನಪಾದರು. ಮನೆ ಕಟ್ಟಿಸುವಾಗ ಸ್ವಿಚ್‌ಬೋರ್ಡನ್ನು ಬಾಗಿಲ ಹಿಂದೆ ಹಾಕಿಸಿ, ಮೂವತ್ತು ವರ್ಷ ಬಾಗಿಲು ಹಾಕಿ ಲೈಟು ಹಾಕಿದರೇ ಹೊರತು ತಪ್ಪಾಯಿತು ಅನ್ನಲಿಲ್ಲ.

ಹಾಗಂತ ಕಂಪನಿ ಎಂದೂ ಹಿಂದೆ ಸರಿದೇ ಇಲ್ಲವೆಂದಲ್ಲ. 2016ರ ಮ್ಯಾಕ್‌ಬುಕ್ ಪ್ರೊದಲ್ಲಿ ಟಿವಿಗೆ ಜೋಡಿಸುವ ತೂತು, ಕ್ಯಾಮೆರಾ ಕಾರ್ಡಿನ ತೂತು ಎಲ್ಲ ತೆಗೆದು ಒಂದೇ ಬಗೆಯದನ್ನು ಉಳಿಸಿದ್ದರು. 2021ರಲ್ಲಿ ಅವನ್ನು ವಾಪಸ್ ತಂದರು. ವಿಚಿತ್ರ ನೋಡಿ, ಆ ಲ್ಯಾಪ್‌ಟಾಪಿನಲ್ಲಿ ಇಯರ್‌ಫೋನ್ ತೂತು ಮಾತ್ರ ಅಷ್ಟೂ ವರ್ಷ ಹಾಗೇ ಇತ್ತು. ಧೈರ್ಯ ಅಲ್ಲಿಯವರೆಗೆ ತಲುಪಲಿಲ್ಲವೋ ಏನೋ.

ತೂತಿನ ವಿಷಯದಲ್ಲಿ ಕೋಲಾರದವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಕೆಜಿಎಫ್‌ನಲ್ಲಿ ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಕೊರೆದು, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ಜಿಲ್ಲೆ ನಮ್ಮದು. ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ನೀರು ಬರುತ್ತಲೇ ಇರುತ್ತದೆ. ಹೊಲದ ಬೋರು ಬತ್ತಿದ ರೈತ ಬೆಟ್ಟ ಹತ್ತಿ ಅದನ್ನು ನೋಡುವ ನೋಟವನ್ನು ನಾನು ನೋಡಿದ್ದೇನೆ.

ಆ ಅಂತರಗಂಗೆಯಲ್ಲೇ ನನ್ನ ಮರ್ಯಾದೆಯೂ ಹೋಯಿತು. ಮಗನ ಬಲವಂತಕ್ಕೆ ವೈರಿಲ್ಲದ ಇಯರ್‌ಬಡ್ ಕೊಂಡಿದ್ದೆ, ಯಾವುದೋ ಕಂಪನಿಯದು. ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುವಾಗ ಒಂದನ್ನು ಕಿವಿಯಿಂದ ತೆಗೆದು ತೊಡೆಯ ಮೇಲಿಟ್ಟೆ. ಹಿಂದಿನಿಂದ ಬಂದ ಮರಿಕೋತಿ ಎತ್ತಿಕೊಂಡು ಹೋಗಿ ಬಂಡೆಯ ಮೇಲೆ ಕೂತಿತು. ಮೂಸಿತು, ನೆಕ್ಕಿತು, ಒಮ್ಮೆ ಕಚ್ಚಿತು. ಅದರೊಳಗೆ ಇನ್ನೂ ಹಾಡು ಬರುತ್ತಿತ್ತೇನೋ, ಹಲ್ಲಿಂದ ತೆಗೆದು ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿ ನೋಡಿತು. ಆಮೇಲೆ ಕಡಲೆಕಾಯಿ ಸಿಪ್ಪೆ ಎಸೆಯುವ ಹಾಗೆ ಪ್ರಪಾತಕ್ಕೆ ಎಸೆಯಿತು. ವೈರಿದ್ದಿದ್ದರೆ ಬಾಲ ಹಿಡಿದಾದರೂ ಎಳೆದುಕೊಳ್ಳಬಹುದಿತ್ತು. ಉಳಿದ ಒಂದು ಈಗಲೂ ಡಬ್ಬಿಯಲ್ಲಿದೆ, ಹಸಿರು ದೀಪ ಉರಿಸುತ್ತ ಜೊತೆಗಾರನನ್ನು ಹುಡುಕುತ್ತದೆ.

ನಮ್ಮೂರಿಂದ ಬೆಂಗಳೂರಿನ ಕಡೆ ಹೋಗುವಾಗ ನರಸಾಪುರದಲ್ಲಿ ಆ ಕಾರ್ಖಾನೆ ಸಿಗುತ್ತದೆ. ಮೊದಲು ವಿಸ್ಟ್ರಾನ್ ಕಂಪನಿಯದಾಗಿತ್ತು, 2023ರಲ್ಲಿ ಟಾಟಾದವರು ಕೊಂಡರು. ಐಫೋನ್ ಜೋಡಿಸುವುದು ಅಲ್ಲೇ. ಮುಂಜಾವ ವಾಕಿಂಗಿಗೆ ಹೊರಟರೆ ಪಾಳಿಗೆ ಹೋಗುವವರು ಬಸ್ಸಿಗೆ ಕಾಯುತ್ತಿರುತ್ತಾರೆ. ನಮ್ಮ ಬೀದಿ ಕೊನೆಯ ಮನೆಯ ಹುಡುಗಿಯೂ ಅಲ್ಲಿಗೇ ಹೋಗುತ್ತಾಳೆ. ಮೊನ್ನೆ ಗೆಳತಿಯ ಜೊತೆ ಹುಣಸೆಮರದ ಕೆಳಗೆ ನಿಂತಿದ್ದಳು. ಇಬ್ಬರ ಮಧ್ಯೆ ಒಂದು ಬಿಳಿ ವೈರು, ಅದರ ಒಂದು ತುದಿ ಇವಳ ಕಿವಿಯಲ್ಲಿ, ಇನ್ನೊಂದು ಅವಳ ಕಿವಿಯಲ್ಲಿ. ಇಬ್ಬರ ತಲೆಗಳೂ ಒಂದೇ ತಾಳಕ್ಕೆ ಅಲ್ಲಾಡುತ್ತಿದ್ದವು.

"ನಿನ್ನ ಫೋನಲ್ಲಿ ತೂತಿದೆಯೇನಮ್ಮ?" ಅಂದೆ.

"ಇದೆ ಅಂಕಲ್, ಇರೋದನ್ನೇ ಹುಡುಕಿ ತಗೊಂಡೆ" ಅಂದಳು. ಅಷ್ಟರಲ್ಲಿ ಬಸ್ಸು ಬಂತು. ವೈರನ್ನು ಪಟಪಟ ಫೋನಿಗೆ ಸುತ್ತಿ ಚೀಲಕ್ಕೆ ತುರುಕಿಕೊಂಡು, ಇಬ್ಬರೂ ಕಿಟಕಿ ಪಕ್ಕದ ಸೀಟಿಗೆ ಓಡಿದರು.