ಮಳೆಗಾಲದಲ್ಲಿ ಟೈರಿನ ಗಾಳಿ ಇಳಿಸಬೇಕೇ? ಸತ್ಯಾಂಶ ಇಲ್ಲಿದೆ

ಮಳೆ ಶುರುವಾದೊಡನೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಹರಿದಾಡುತ್ತದೆ: ಕಾರಿನ ಟೈರುಗಳ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅವು ರಸ್ತೆಗೆ ಅಗಲವಾಗಿ ಅಂಟಿಕೊಂಡು ಜಾರುವುದಿಲ್ಲ ಎಂದು. ಮರಳಿನಲ್ಲಿ ಗಾಡಿ ಓಡಿಸುವವರು ಗಾಳಿ ಇಳಿಸುವುದು ನಿಜವಾದ್ದರಿಂದ ಈ ಮಾತು ನಂಬುವಂತೆಯೇ ಕೇಳಿಸುತ್ತದೆ. ಆದರೆ ಒದ್ದೆಯಾದ ಡಾಂಬರು ರಸ್ತೆಗೆ ಅದು ಅನ್ವಯಿಸುವುದಿಲ್ಲ.

ನೀರು ನಿಂತ ರಸ್ತೆಯಲ್ಲಿ ಟೈರು ಮಾಡಬೇಕಾದ ಮೊದಲ ಕೆಲಸ ತನ್ನಡಿಯ ನೀರನ್ನು ಪಕ್ಕಕ್ಕೆ ತಳ್ಳುವುದು. ಗಾಳಿ ಕಡಿಮೆಯಾದಾಗ ಟೈರಿನ ನಡುಭಾಗ ಒಳಕ್ಕೆ ಬಾಗಿ, ಅದರ ಗೀರುಗಳು ಕಿರಿದಾಗಿ, ನೀರಿಗೆ ಹೊರಹೋಗಲು ದಾರಿ ಸಾಲದಾಗುತ್ತದೆ. ವೇಗ ಹೆಚ್ಚಿದಂತೆ ಆ ನೀರೇ ಟೈರನ್ನು ಎತ್ತಿಹಿಡಿಯುತ್ತದೆ, ಸ್ಟೀರಿಂಗ್ ಇದ್ದಕ್ಕಿದ್ದಂತೆ ಕೈಯಲ್ಲಿ ಹಗುರವಾಗುತ್ತದೆ, ಕಾರು ತೇಲತೊಡಗುತ್ತದೆ.

1963ರಲ್ಲಿ ನಾಸಾ ಸಂಶೋಧಕರು, ಮುಖ್ಯವಾಗಿ ವಿಮಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಪ್ರಕಟಿಸಿದ ಸೂತ್ರದ ಪ್ರಕಾರ ಈ ತೇಲುವ ವೇಗವು ಟೈರಿನೊಳಗಿನ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಲೆಕ್ಕ ಹಾಕಿದರೆ ಒತ್ತಡ 32 ಪಿಎಸ್‌ಐ (ಟೈರಿನ ಗಾಳಿಯ ಒತ್ತಡ ಅಳೆಯುವ ಮಾನ) ಇದ್ದಾಗ ಗಂಟೆಗೆ ಸುಮಾರು 94 ಕಿ.ಮೀ., 24ಕ್ಕೆ ಇಳಿಸಿದರೆ ಸುಮಾರು 82 ಕಿ.ಮೀ. ಕಾರಿನ ಟೈರಿಗೆ ಇದು ಒರಟು ಅಂದಾಜು ಮಾತ್ರ, ಆದರೆ ಸಂದೇಶ ಹೇಳುವುದಕ್ಕೆ ತೀರಾ ವಿರುದ್ಧ ದಿಕ್ಕಿನಲ್ಲಿದೆ.

ಆದ್ದರಿಂದ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಕಂಪನಿಯವರು ಸೂಚಿಸಿದಷ್ಟೇ ಗಾಳಿಯನ್ನು, ಟೈರು ತಣ್ಣಗಿರುವಾಗ ಅಳೆದು, ತುಂಬಿಸಬೇಕು. ಅಷ್ಟಾಗಿಯೂ ಕಾರು ತೇಲಿದರೆ ಬ್ರೇಕನ್ನು ಬಲವಾಗಿ ಒತ್ತದೆ, ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆದು, ಟೈರು ಮತ್ತೆ ರಸ್ತೆಗೆ ತಾಗುವವರೆಗೆ ಸ್ಟೀರಿಂಗನ್ನು ಅಲುಗಿಸದೆ ಹಿಡಿದಿರಬೇಕು.